ಎಂಜಲು ಹಚ್ಚಿದ ಕಲ್ಲು

ನನ್ನ ಕೈಗೆ ಹಲಗೆ ಕೊಟ್ಟ ದಿನ ಫಾಫಾನೆ ಸಾಹೇಬ ಹೇಳಿದ್ದು ಇಷ್ಟೇ.

"ಒಂದು ಮಗ್ಗುಲಲ್ಲಿ 'ನಿಲ್ಲು' ಅಂತ ಇದೆ, ಕೆಂಪು. ಇನ್ನೊಂದು ಮಗ್ಗುಲಲ್ಲಿ 'ಹೋಗು' ಅಂತ ಇದೆ, ಹಸಿರು. ಹಸಿರು ಲಾರಿ ಕಡೆಗೆ. ಕೆಂಪು ಜನದ ಕಡೆಗೆ. ಅರ್ಥ ಆಯ್ತಾ?"

"ಆಯ್ತು ಸಾಹೇಬ್ರೆ. ಯಾವಾಗ ತಿರುಗಿಸ್ಬೇಕು?"

"ತಿರುಗಿಸೋ ಹಾಗಿಲ್ಲ."

"ಹಂಗಾದ್ರೆ ಒಂದು ಗೂಟಕ್ಕೆ ಹೊಡ್ದು ನೆಟ್ಬಿಡ್ಬೋದಿತ್ತಲ್ಲ. ನಾನ್ಯಾಕೆ?"

"ಅಣೆಕಟ್ಟು ಯೋಜನೆಯಿಂದ ಊರಿನ ಹೆಂಗಸರಿಗೆ ಉದ್ಯೋಗ ಅಂತ ಬರೆದು ಕೊಟ್ಟಿದೀವಿ. ಗೂಟಕ್ಕೆ ಉದ್ಯೋಗ ಕೊಟ್ರೆ ನಡೆಯಲ್ಲ."

ಹೀಗೆ ನಾನು ಗೂಟದ ಕೆಲಸಕ್ಕೆ ಸೇರಿದೆ. ಊರಿಗೆ ನಾನು ಮಾಮೊಸಾ, ಅಂದರೆ ಮೊಸಾಳ ತಾಯಿ. ಕಂಪನಿಗೆ 'ಹಲಗೆ ನಾಲ್ಕು'. ನಮ್ಮ ಬೆಟ್ಟಗಳ ದೇಶ ಲೆಸೊಥೊದಲ್ಲಿ ದಾರಿಯಲ್ಲಿ ಕಂಡ ಹೆಂಗಸನ್ನು ಅವ್ವಾ ಅಂತ ಕರೆಯದವನನ್ನು ಕತ್ತೆಯೂ ಮೂಸುವುದಿಲ್ಲ. ಫಾಫಾನೆಯೂ ನಮ್ಮವನೇ. ಅವನ ತಾಯಿ ಪಕ್ಕದ ಕಣಿವೆಯವಳು. ಆದರೆ ರಾಜಧಾನಿಯಲ್ಲಿ ಓದಿ, ತಲೆಯ ಮೇಲಿನ ಬಿಳಿ ಟೋಪಿಗೆ 'ಸುರಕ್ಷತಾ ಅಧಿಕಾರಿ' ಎಂದು ಬರೆಸಿಕೊಂಡ ದಿನದಿಂದ ಅವನ ಬಾಯಲ್ಲಿ ಅವ್ವ ಅನ್ನುವ ಮಾತು ಸತ್ತಿತು.

ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ನಿಂತಿರಬೇಕು. ಕೂರುವ ಹಾಗಿಲ್ಲ. ಕೂತರೆ ಹಲಗೆ ಕೆಳಗಾಗುತ್ತದೆ. ಹೊಳೆಯುವ ಜಾಕೀಟಿನ ಮೇಲೆ ಕಂಬಳಿ ಹೊದೆಯುವ ಹಾಗಿಲ್ಲ, ಜಾಕೀಟು ಕಾಣುವುದಿಲ್ಲ. ಕಂಬಳಿಯ ಮೇಲೆ ಜಾಕೀಟು ಹಾಕಿದರೆ ಗುಂಡಿ ಕೂಡುವುದಿಲ್ಲ. ಜೂನ್ ನಮ್ಮಲ್ಲಿ ಚಳಿಗಾಲ, ಬೆಟ್ಟದ ಮೇಲೆ ಹಿಮ ಬೀಳುತ್ತದೆ. ಬೆರಳು ಹಲಗೆಯ ಹಿಡಿಗೆ ಅಂಟಿಕೊಂಡು ಸೆಟೆಯುತ್ತಿದ್ದವು. ಉಚ್ಚೆಗೆ ಹೋಗಬೇಕಾದರೆ ಹಲಗೆಯನ್ನು ಯಾರ ಕೈಗೆ ಕೊಡುವುದು? ನಾನು ನೀರು ಕುಡಿಯುವುದನ್ನೇ ಬಿಟ್ಟೆ. ದೇಶದಲ್ಲೇ ದೊಡ್ಡ ಜಲಾಶಯ ಕಟ್ಟುವ ಕಂಪನಿಯಲ್ಲಿ ನೌಕರಿ, ನಾಲಿಗೆ ಮಾತ್ರ ಒಣಗಿದ ಚರ್ಮ.

ರಸ್ತೆ ನಮ್ಮ ಹಾ-ಮೊಖೊರೊ ಊರನ್ನು ರೊಟ್ಟಿ ಮುರಿದ ಹಾಗೆ ಎರಡು ಮಾಡಿತ್ತು. ಮೇಲೆ ಮನೆಗಳು. ಕೆಳಗೆ ಶಾಲೆ, ಹೊಲ, ಸತ್ತವರನ್ನು ಹೂಳುವ ಜಾಗ. ಊರ ಮೇಲಿನ ಬುಗ್ಗೆ, ಬಂಡೆಗೆ ಸಿಡಿಮದ್ದು ಇಟ್ಟ ವಾರವೇ ಬತ್ತಿತು. ಕಂಪನಿ ಒಂದು ನಲ್ಲಿ ಹಾಕಿಸಿಕೊಟ್ಟಿತು. ಅದನ್ನೂ ಕೆಳಗೇ ಹಾಕಿಸಿತು. ಈಗ ಕುಡಿಯುವುದಕ್ಕೂ ರಸ್ತೆ ದಾಟಬೇಕು, ಓದುವುದಕ್ಕೂ ದಾಟಬೇಕು, ಸತ್ತ ಮೇಲೂ ದಾಟಬೇಕು. ದಾಟುವ ಜಾಗ ಒಂದೇ, ನಾನು ನಿಂತಿದ್ದ ಜಾಗ. ಆ ದಾರಿಯಲ್ಲಿ ಅಣೆಕಟ್ಟಿಗೆ ಕಲ್ಲು ಹೊತ್ತ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಇಳಿಜಾರು ಬೇರೆ. ಬ್ರೇಕು ಅನ್ನುವುದು ಅವುಗಳಿಗೆ ಹಬ್ಬದ ಬಟ್ಟೆ.

ಮೊದಲು ಹೋದದ್ದು ನಾಯಿಗಳು. ಆಮೇಲೆ ಕುರಿ. ಆಮೇಲೆ ಮಾಲೆಬುಸಾ ಅಜ್ಜಿಯ ಕತ್ತೆ.

ಆ ಕತ್ತೆಯ ಹೆಸರು ಮಂತ್ರಿ. ಹೊತ್ತಿದ್ದಕ್ಕಿಂತ ಕೂಗಿದ್ದೇ ಹೆಚ್ಚು, ಅದಕ್ಕೇ ಆ ಹೆಸರು. ಮಾಲೆಬುಸಾ ಅಜ್ಜಿಗೆ ಎಪ್ಪತ್ತು ದಾಟಿದೆ. ಗಂಡ ಗಣಿಯಲ್ಲಿ ಸತ್ತ. ನೀರು ಹೊರುವುದು, ಹಿಟ್ಟು ತರುವುದು ಎಲ್ಲಾ ಮಂತ್ರಿಯ ಬೆನ್ನ ಮೇಲೆ. ಪರಿಹಾರ ಕೇಳಲು ಹೋದಾಗ ಫಾಫಾನೆ ಒಂದು ಅರ್ಜಿ ಓದಿ ಕೇಳಿದ.

"ಅಪಘಾತದ ಹೊತ್ತಿಗೆ ಪ್ರಾಣಿ ಹೊಳೆಯುವ ಜಾಕೀಟು ಹಾಕಿತ್ತಾ?"

"ಏನಂದ್ಯಪ್ಪಾ?"

"ಜಾಕೀಟು. ಹಾಕಿತ್ತಾ ಇಲ್ವಾ?"

"ಇಲ್ಲ ಕಣಪ್ಪಾ. ಅವತ್ತು ಅದ್ರ ಕೋಟು ಒಗ್ಯಕ್ಕೆ ಹಾಕಿದ್ದೆ."

ಅವನು 'ಇಲ್ಲ' ಎಂದು ಬರೆದುಕೊಂಡ. ಪರಿಹಾರ ಬರಲಿಲ್ಲ. ಬದಲಿಗೆ ಊರಿನ ಉಳಿದ ಕತ್ತೆಗಳಿಗೆ ಕಿತ್ತಳೆ ಬಣ್ಣದ ಜಾಕೀಟುಗಳು ಬಂದವು. ಒಂದು ವಾರ ನಮ್ಮೂರಿನಲ್ಲಿ ಮನುಷ್ಯರು ಹರಿದ ಕಂಬಳಿಯಲ್ಲಿ, ಕತ್ತೆಗಳು ಹೊಸ ಬಟ್ಟೆಯಲ್ಲಿ ಓಡಾಡಿದವು. ಆಮೇಲೆ ಜಾಕೀಟುಗಳನ್ನು ಮನುಷ್ಯರು ಕಿತ್ತುಕೊಂಡು ಹಾಕಿಕೊಂಡರು.

ನಗು ಇಲ್ಲಿಗೆ ನಿಲ್ಲಲಿ. ಏಪ್ರಿಲ್‌ನಲ್ಲಿ ನಡೆದದ್ದನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ.

ನನ್ನ ಮೊಸಾಗೆ ಒಂಬತ್ತು ವರ್ಷ. ಶಾಲೆಗೆ ಹೊರಟಿದ್ದಳು. ನನ್ನ ಹಲಗೆಯ ಕೆಂಪು ಅವಳ ಕಡೆಗಿತ್ತು. 'ನಿಲ್ಲು' ಎಂದು ಅವಳೇ ಗಟ್ಟಿಯಾಗಿ ಓದಿದಳು. ಹೊಸದಾಗಿ ಓದಲು ಬಂದ ಮಕ್ಕಳಿಗೆ ಕಂಡದ್ದೆಲ್ಲ ಓದುವ ಹುಚ್ಚು. ಓದಿ, ನಿಂತಳು. ನನ್ನನ್ನು ನೋಡಿ ನಕ್ಕಳು. ಆಗ ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕಲು ಹೋಗಿ ರಸ್ತೆ ಬಿಟ್ಟು ಅಂಚಿಗೆ ಇಳಿಯಿತು. ಮಗು ನಿಂತಲ್ಲಿಗೇ ಬಂತು. ಬಲಗಾಲು ಎರಡು ಕಡೆ ಮುರಿಯಿತು.

ನಾನು ಹಲಗೆ ಹಿಡಿದುಕೊಂಡೇ ಓಡಿದೆನಂತೆ. ನನಗೆ ನೆನಪಿಲ್ಲ.

ಕಂಪನಿಯ ವರದಿಯಲ್ಲಿ ಫಾಫಾನೆ ಬರೆದ: 'ಪಾದಚಾರಿಯು ರಸ್ತೆಗೆ ತೀರ ಹತ್ತಿರ ನಿಂತಿದ್ದರು.' ನಿಲ್ಲು ಎಂದು ಬರೆದವನು ಅವನೇ, ಯಾಕೆ ನಿಂತೆ ಎಂದು ಕೇಳಿದವನೂ ಅವನೇ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮೂರನೆಯ ದಿನ ನಾನು ಮತ್ತೆ ಹಲಗೆ ಹಿಡಿದು ನಿಂತೆ. ಆಸ್ಪತ್ರೆಗೂ ಹೊಟ್ಟೆಗೂ ಬೇರೆ ದಾರಿ ಇರಲಿಲ್ಲ. ಅದು ನನಗೆ ನಾಚಿಕೆ. ಇವತ್ತಿಗೂ ನಾಚಿಕೆ.

ಊರವರು ಕೇಳಿದ್ದು ಒಂದೇ: ದಾಟುವ ಜಾಗದಲ್ಲಿ ಒಂದು ಹಂಪ್. ಒಂದು ಮೊಳದ ದಿಬ್ಬ. ಆಗಸ್ಟಿನಲ್ಲಿ ಚಳಿಗಾಲದ ರಜೆ ಮುಗಿದು ಮಕ್ಕಳು ಶಾಲೆಗೆ ಹೊರಡುವ ಮೊದಲು ಬೇಕು. ಮೊಸಾ ಆ ಹೊತ್ತಿಗೆ ಊರುಗೋಲು ಹಿಡಿದು ನಡೆಯಬಹುದು ಎಂದು ಡಾಕ್ಟರ್ ಹೇಳಿದ್ದರು. ನಡೆಯಬಹುದು, ಓಡಲಾಗದು. ಲಾರಿ ಓಡುವ ಹೊತ್ತಿನಲ್ಲಿ ಆ ರಸ್ತೆಯನ್ನು ನಮ್ಮೂರಿನಲ್ಲಿ ಯಾರೂ ನಡೆದು ದಾಟಿರಲಿಲ್ಲ.

ಕಂಪನಿ ಹಂಪ್ ಕೊಡಲಿಲ್ಲ. ತರಬೇತಿ ಕೊಟ್ಟಿತು. ಊರ ಸಭೆ ಸೇರುವ ಬಯಲಿನಲ್ಲಿ ಎಲ್ಲರಿಗೂ ಒಂದೊಂದು ಬ್ರೆಡ್ಡು, ಒಂದೊಂದು ಲೋಟ ಕಿತ್ತಳೆ ಶರಬತ್ತು. ಫಾಫಾನೆ ಚಿತ್ರ ಬಿಡಿಸಿದ ಹಾಳೆ ಎತ್ತಿ ಹಿಡಿದ.

"ಮೊದಲು ಬಲಕ್ಕೆ ನೋಡಿ. ಆಮೇಲೆ ಎಡಕ್ಕೆ. ಮತ್ತೆ ಬಲಕ್ಕೆ."

ಮಾಲೆಬುಸಾ ಅಜ್ಜಿ ಬ್ರೆಡ್ಡು ಅಗಿಯುತ್ತಾ ಕೇಳಿದಳು. "ಲಾರಿ ಯಾಕಪ್ಪಾ ಎಡ ಬಲ ನೋಡಾಕಿಲ್ಲ? ಅದ್ಕೆ ಎಲ್ಡು ದೀಪದ ಕಣ್ಣವೆ. ನಂಗಿರೋದು ಒಂದು, ಇನ್ನೊಂದ್ರಲ್ಲಿ ಪೊರೆ."

"ಅಪಘಾತಗಳಿಗೆ ಹೆಚ್ಚಿನ ಕಾರಣ ಜನರ ಅಜಾಗರೂಕತೆ."

"ನನ್ ಕತ್ತೆ ಹೆಂಡ ಕುಡ್ದಿತ್ತಾ?"

ಸಭೆ ಗೊಳ್ಳೆಂದಿತು. ಫಾಫಾನೆ ಹಾಳೆ ಮಡಚಿದ. ನಾನು ಎದ್ದು ನಿಂತು ಕೇಳಿದೆ.

"ಒಂದು ಹಂಪ್ ಹಾಕ್ಸಕ್ಕೆ ಏನು ಕಷ್ಟ ಸಾಹೇಬ್ರೆ?"

"ಒಂದು ಹಂಪಿಗೆ ಒಂದು ಲಾರಿ ಇಪ್ಪತ್ತು ಸೆಕೆಂಡ್ ನಿಧಾನ ಆಗುತ್ತೆ. ದಿನಕ್ಕೆ ಎಷ್ಟು ಲಾರಿ? ವರ್ಷಕ್ಕೆ? ಅಣೆಕಟ್ಟು ಹನ್ನೊಂದು ದಿನ ತಡ ಆಗುತ್ತೆ. ಗಡಿಯಾಚೆ ಪಟ್ಟಣದಲ್ಲಿ ಜನ ನೀರಿಗೆ ಕಾಯ್ತಿದಾರೆ."

"ನಾವೂ ಕಾಯ್ತಿದೀವಿ. ರಸ್ತೆ ಈಚೆ."

"ಹಲಗೆ ನಾಲ್ಕು, ಕೂತ್ಕೋ. ನೀನು ಕಂಪನಿ ಕಡೆಯವಳು."

ನಾನು ಕೂತೆ. ಅದೂ ನಾಚಿಕೆಯೇ.

ಸಂಜೆ ಲಾರಿಗಳು ನಿಂತ ಹೊತ್ತಿಗೆ ಸಭೆ ಮುಗಿದು ಎಲ್ಲರೂ ಮನೆಗೆ ಹೊರಟರು. ರಸ್ತೆಯ ಬಳಿ ಮಾಲೆಬುಸಾ ಅಜ್ಜಿ ನಿಂತಳು. ಕೋಲಿನಿಂದ ನೆಲ ಕುಟ್ಟಿದಳು.

"ನಮ್ ರಾಶಿ ಇಲ್ಲೇ ಅಲ್ವೇನೇ ಇದ್ದಿದ್ದು?"

ಹೌದು, ಅಲ್ಲೇ ಇದ್ದದ್ದು. ಊರ ಬಾಗಿಲಿನ ಕಲ್ಲುರಾಶಿ. ನಡೆದು ಬರುವವರು ಒಂದು ಕಲ್ಲು ಎತ್ತಿ, ಎಂಜಲು ಹಚ್ಚಿ, ರಾಶಿಗೆ ಹಾಕಿ ಮುಂದೆ ಹೋಗಬೇಕು. ಹಾಕಿದವನು ಮನೆ ಮುಟ್ಟುವಾಗ ಒಲೆಯ ಮೇಲೆ ಮುದ್ದೆ ಬೇಯುತ್ತಿರುತ್ತದೆ. ಹಾಕದವನು ಮುಟ್ಟುವಾಗ ಮಡಕೆ ತೊಳೆದು ಬೋರಲು ಹಾಕಿರುತ್ತಾರೆ. ರಾಶಿಯಿಂದ ಕಲ್ಲು ತೆಗೆದವನ ಗತಿ ಏನು ಎಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ತೆಗೆದಿರಲಿಲ್ಲ. ರಸ್ತೆ ಮಾಡಲು ಹೊರದೇಶದ ಚಾಲಕನೊಬ್ಬ ಯಂತ್ರ ತಂದು ಅರ್ಧ ಗಂಟೆಯಲ್ಲಿ ಎಲ್ಲಾ ಬಳಿದು ಹಳ್ಳಕ್ಕೆ ತಳ್ಳಿದ. ಪಾಪ, ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಅಜ್ಜಿ ಒಂದು ಕಲ್ಲು ಎತ್ತಿದಳು. ಉಗುಳಿದಳು. ರಸ್ತೆಯ ನಟ್ಟನಡುವೆ ಇಟ್ಟಳು.

"ಜಾಗ ಅದೇ. ನಾವೂ ಅವ್ರೇ. ರಸ್ತೆ ಆಮೇಲೆ ಬಂದದ್ದು," ಎಂದಳು.

ಹಿಂದೆ ಬಂದವರ ಕೈ ಸುಮ್ಮನಿರಲಿಲ್ಲ. ಅದು ಅಭ್ಯಾಸ. ಇಡೀ ಸಭೆ ಒಂದೊಂದು ಕಲ್ಲು ಹಾಕಿ ದಾಟಿತು. ಬ್ರೆಡ್ಡು ತಿಂದ ಬಾಯಲ್ಲಿ ಎಂಜಲಿಗೆ ಬರ ಇರಲಿಲ್ಲ.

ಮರುದಿನ ನೀರಿಗೆ ಹೋದವರು ಹಾಕಿದರು, ಬರುವಾಗಲೂ ಹಾಕಿದರು. ರಾಶಿ ಮೊಣಕಾಲು ಮುಟ್ಟಿತು. ಅಂಚಿಗೆ ಸರಿದು ಹೋಗುತ್ತಿದ್ದ ಲಾರಿಗಳಲ್ಲಿ ಮೊದಲನೆಯದು ಮೂರನೆಯ ದಿನ ಕಿರ್ರೆಂದು ನಿಂತಿತು. ಚಾಲಕ ಇಳಿದು ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ರಾಶಿ ನೋಡಿದ. ಟೋಪಿ ತೆಗೆದ. ಅಂಚಿನಿಂದ ಕಲ್ಲು ಹುಡುಕಿ ಉಗುಳಿ ಹಾಕಿದ.

"ಎಷ್ಟ್ ವರ್ಸ ಆಗಿತ್ತವ್ವಾ ಇದನ್ನ ಕಂಡು," ಎಂದ.

ಹಿಂದಿನವನು ಇಳಿದು ಲಾರಿಯಿಂದಲೇ ಒಂದು ಬಂಡೆ ಉರುಳಿಸಿಕೊಂಡು ಬಂದ. ತಬ್ಬಿದರೂ ಕೈ ಕೂಡದಷ್ಟು ದಪ್ಪ.

"ಅಷ್ಟು ದೊಡ್ಡದ್ಯಾಕಪ್ಪಾ?" ಎಂದೆ.

"ಮನೇಲಿ ಹೆಂಡ್ತಿ ಮಾತು ಬಿಟ್ಟು ಹದಿನೈದು ದಿನ ಆಯ್ತು ಕಣವ್ವಾ. ಸಣ್ ಕಲ್ಗೆಲ್ಲಾ ನನ್ ಮುದ್ದೆ ಬೇಯಾಕಿಲ್ಲ."

ಲಾರಿ ಓಡಿಸುವವರೆಲ್ಲ ಈಗ ನಮ್ಮ ಹುಡುಗರೇ. ಯಂತ್ರ ಓಡಿಸುವವರೂ ಅಷ್ಟೇ. ಅಣೆಕಟ್ಟು ಕಟ್ಟುವ ಕೈಗಳು ಯಾರ ಊರಿನವು ಎಂದು ಕಂಪನಿ ಲೆಕ್ಕ ಹಾಕಿರಲಿಲ್ಲ. ಅವತ್ತಿನಿಂದ ಪ್ರತಿ ಲಾರಿ ನಿಲ್ಲತೊಡಗಿತು. ಇಳಿಯುವುದು, ಉಗುಳುವುದು, ಹಾಕುವುದು, ಅಂಚಿನಲ್ಲಿ ಆಮೆಯ ಹಾಗೆ ಸುತ್ತಿ ಹೋಗುವುದು. ಇಪ್ಪತ್ತು ಸೆಕೆಂಡ್ ಎಲ್ಲಿ, ನಾಲ್ಕು ನಿಮಿಷ.

ಫಾಫಾನೆ ಬಿಳಿ ಪಿಕಪ್ಪಿನಲ್ಲಿ ಧೂಳೆಬ್ಬಿಸಿಕೊಂಡು ಬಂದ.

"ಏನಿದು ಗಲೀಜು? ಹಲಗೆ ನಾಲ್ಕು, ತೆಗಿ ಇದನ್ನ."

ನನ್ನ ಸೊಂಟ ಬಿಗಿದುಹೋಗಿತ್ತು. ಬೆಳಗ್ಗೆಯಿಂದ ಉಚ್ಚೆ ಕಟ್ಟಿಕೊಂಡಿದ್ದೆ. ಏಳು ತಿಂಗಳು ಹಿಡಿದ ಹಲಗೆಯಿಂದ ಅಂಗೈಯಲ್ಲಿ ಜಡ್ಡು ಬಿದ್ದಿತ್ತು. ನಾನು ರಾಶಿ ನೋಡಿದೆ. ಅದರಲ್ಲಿ ಮೊಸಾಳ ಹೆಸರಿನಲ್ಲಿ ನಾನು ಹಾಕಿದ ಕಲ್ಲೂ ಇತ್ತು.

"ತೆಗಿಯಲ್ಲ," ಎಂದೆ.

"ಏನಂದೆ?"

"ತೆಗಿಯಲ್ಲ ಅಂದೆ. ಕಿವೀಲಿ ಏನ್ ಜಲ್ಲಿ ತುಂಬ್ಕೊಂಡಿದೀಯಾ?"

"ಕೆಲಸ ಬೇಡ್ವಾ ನಿಂಗೆ?"

"ಬೇಕು. ಯಾರಿಗ್ ಬೇಡ? ಆದ್ರೆ ನನ್ ಹೆಸ್ರು ಹಲಗೆ ನಾಲ್ಕಲ್ಲ. ಮಾಮೊಸಾ. ನೀನು ಕಾಗದದಲ್ಲಿ ಪಾದಚಾರಿ ಅಂತ ಬರ್ದ್ಯಲ್ಲ, ಅದು ಮೊಸಾ. ನೀನು ನಿಲ್ಲು ಅಂದಲ್ಲೇ ನಿಂತಿದ್ದು ನನ್ ಮಗಳು. ನೀನು ಹೇಳಿದ್ದನ್ನ ಇಡೀ ದೇಶದಲ್ಲಿ ನಂಬಿದ್ದು ಅವಳೊಬ್ಳೇ!"

ನನ್ನ ದನಿ ನನಗೇ ಹೊಸದಾಗಿತ್ತು. ಹಾಗೆ ಹೇಳುತ್ತಾ ಹಲಗೆಯನ್ನು ಗಿರ್ರನೆ ತಿರುಗಿಸಿದೆ. ಕೆಂಪು ಲಾರಿಗಳ ಕಡೆಗಾಯಿತು. ಐದು ಲಾರಿ ಸಾಲಾಗಿ ನಿಂತವು. ನೀರಿನ ಬಿಂದಿಗೆ ಹೊತ್ತ ಹೆಂಗಸರು ನಡೆದು ದಾಟಿದರು. ನಡೆದು. ಅವರಿಗೇ ನಂಬಿಕೆ ಬರದೆ ಒಬ್ಬಳು ದಾಟಿ, ಹಿಂದಕ್ಕೆ ಬಂದು, ಇನ್ನೊಮ್ಮೆ ದಾಟಿದಳು.

ಫಾಫಾನೆ ಹಲಗೆ ಕಿತ್ತುಕೊಂಡ. "ನಾಳೆಯಿಂದ ಬರಬೇಡ."

"ಬರ್ತೀನಿ. ಕೆಲಸಕ್ಕಲ್ಲ, ಕಲ್ಲು ಹಾಕಕ್ಕೆ."

ಸಿಟ್ಟಿಗೆ ಅವನು ರಾಶಿಯ ಮೇಲಿನ ಒಂದು ಕಲ್ಲನ್ನು ಬೂಟಿನಿಂದ ಒದ್ದ. ಕಲ್ಲು ಉರುಳಿ ಹಳ್ಳಕ್ಕೆ ಬಿತ್ತು. ಚಾಲಕರೆಲ್ಲ "ಅಯ್ಯಯ್ಯೋ" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಅವನೂ ಒಂದು ಗಳಿಗೆ ಬೂಟು ನೋಡಿಕೊಂಡ. ಅವನ ತಾಯಿಯೂ ಅವನಿಗೆ ಹೇಳಿಕೊಟ್ಟಿರಬೇಕಲ್ಲ.

ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನ ಸರದಿ ಬಂದಾಗ ಮುದ್ದೆಯ ಪಾತ್ರೆ ಖಾಲಿ. ಸೊಪ್ಪೂ ಖಾಲಿ. ಮರುದಿನವೂ ಹಾಗೇ. ಮೂರನೆಯ ದಿನ ಅವನು ಎಲ್ಲರಿಗಿಂತ ಮುಂಚೆ ಹೋಗಿ ನಿಂತ. ಮುದ್ದೆ ಇನ್ನೂ ಬೆಂದಿರಲಿಲ್ಲ. ಸುದ್ದಿ ಅಣೆಕಟ್ಟಿನ ಈ ತುದಿಯಿಂದ ಆ ತುದಿಗೆ ಲಾರಿಗಿಂತ ಜೋರಾಗಿ ಓಡಿತು. ಕ್ಯಾಂಟೀನಿನಲ್ಲಿ ಬಡಿಸುವವಳು ಮಾಲೆಬುಸಾ ಅಜ್ಜಿಯ ಸೊಸೆ ಎಂಬುದನ್ನು ನಾನು ಯಾರಿಗೂ ಹೇಳಲು ಹೋಗಲಿಲ್ಲ.

ಕೊನೆಗೆ ಕಡಲಾಚೆಯ ದೊಡ್ಡ ಇಂಜಿನಿಯರೇ ಬಂದ. ಅವನ ಜೊತೆ ಕಲ್ಲು ಮಣ್ಣು ಬಳಿಯುವ ಒಂದು ಹಳದಿ ಲೋಡರ್. ಅದರ ಚಾಲಕ ಲೆಫಾ, ನದಿಯಾಚೆಯ ಊರಿನವನು, ಎಮ್ಮೆಯಂಥ ನಿಧಾನಿ. ಇಂಜಿನಿಯರ್ ಕೈ ಬೀಸಿದ. ಲೆಫಾ ಯಂತ್ರ ಆರಿಸಿ ಕೆಳಗಿಳಿದ.

"ಏನಾಯ್ತು?" ಎಂದ ಫಾಫಾನೆ. ಮೂರು ದಿನದ ಉಪವಾಸಕ್ಕೆ ಅವನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ನಂಗೆ ಆರು ಮಕ್ಳವೆ ಸಾಹೇಬ್ರೆ. ನನ್ ಹೊಟ್ಟೆ ಮೇಲೆ ನಾನೇ ಹೊಡ್ಕೊಳಾನಾ? ನಿಮ್ ಗತಿ ಕಾಣ್ತಿಲ್ವಾ."

"ಇದು ಮೂಢನಂಬಿಕೆ!"

"ಇರ್ಬೋದು. ನೀವು ಊಟ ಮಾಡಿದ್ರಾ?"

ಇಂಜಿನಿಯರ್ ತಾನೇ ಲೋಡರ್ ಹತ್ತಿದ. ಎಷ್ಟು ವರ್ಷದ ಹಿಂದೆ ಕಲಿತಿದ್ದನೋ, ಮುಂದೆ ಹೋಗಬೇಕಾದದ್ದು ಹಿಂದೆ ಹೋಗಿ ಫಾಫಾನೆಯ ಬಿಳಿ ಪಿಕಪ್ಪನ್ನು ಮೆಲ್ಲಗೆ ಮೂಲೆ ಹಿಡಿದು ಒತ್ತಿತು. ಪಿಕಪ್ಪಿನ ಮೂತಿ ಒಳಕ್ಕೆ ಹೋಯಿತು. ಯಾರೂ ನಗಬಾರದೆಂದು ಎಲ್ಲರೂ ಕಂಬಳಿಯ ಅಂಚು ಕಚ್ಚಿಕೊಂಡರು. ಮಾಲೆಬುಸಾ ಅಜ್ಜಿಗೆ ಕಚ್ಚಲು ಹಲ್ಲಿಲ್ಲ.

"ಪಿಕಪ್ಪು ಜಾಕೀಟು ಹಾಕಿತ್ತೇನಪ್ಪಾ?" ಎಂದು ಕೇಳಿದಳು.

ಅಲ್ಲಿಗೆ ಇಂಜಿನಿಯರ್ ಇಳಿದ. ಹಿಂದೆ ನಲವತ್ತು ಲಾರಿ ನಿಂತಿದ್ದವು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು ಏನೋ ಕೇಳಿದ. ಫಾಫಾನೆ ಅದನ್ನು ನಮ್ಮ ಭಾಷೆಗೆ ತಂದ.

"ಏನು ಮಾಡಿದ್ರೆ ಲಾರಿ ಹೋಗುತ್ತೆ ಅಂತ ಕೇಳ್ತಿದಾರೆ."

ಲೆಫಾ ರಾಶಿಯ ಸುತ್ತ ಒಂದು ಸುತ್ತು ಬಂದ. "ತೆಗಿಯೋದು ತಪ್ಪು. ಹಾಕೋದೇನೂ ತಪ್ಪಿಲ್ವಲ್ಲ. ಮೇಲೆ ಜಲ್ಲಿ ಸುರ್ದು, ಆಚೆ ಈಚೆ ಇಳಿಜಾರು ಮಾಡಿ ತಟ್ಟಿಬಿಟ್ರೆ ಲಾರಿ ಹತ್ತಿ ಇಳೀತದೆ. ನಿಧಾನ್ವಾಗಿ ಹತ್ಬೇಕು, ಅಷ್ಟೇ."

"ಅದು ಹಂಪ್ ಅಲ್ವಾ?" ಎಂದ ಫಾಫಾನೆ.

"ಹೆಸ್ರು ನೀವೇ ಇಟ್ಕೊಳಿ," ಎಂದ ಲೆಫಾ.

ಆರು ಲಾರಿ ಜಲ್ಲಿ ಸುರಿದರು. ಎಲ್ಲವೂ ಅಣೆಕಟ್ಟಿಗೆ ಹೊರಟಿದ್ದ ಜಲ್ಲಿ. ಸುರಿಯುವ ಮೊದಲು ಪ್ರತಿ ಚಾಲಕನೂ ಲಾರಿಯ ಹಿಂದೆ ಹೋಗಿ ಲೋಡಿಗೆ ಒಮ್ಮೆ ಉಗುಳಿದ. ಒಂದು ಮೊಳ ಕೇಳಿದ್ದೆವು. ಸೊಂಟದೆತ್ತರ ಸಿಕ್ಕಿತು. ವಾರದೊಳಗೆ ಅದರ ಪಕ್ಕ ಒಂದು ಬೋರ್ಡು ಎದ್ದಿತು: 'ಸಮುದಾಯದ ಸುರಕ್ಷತೆಗಾಗಿ ಕಂಪನಿಯ ಕೊಡುಗೆ.' ಫಾಫಾನೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಬೋರ್ಡಿನಲ್ಲಿ ಏನಿದೆ ಎಂದು ಮಾಲೆಬುಸಾ ಅಜ್ಜಿ ನನ್ನಿಂದ ಓದಿಸಿದಳು.

"ಕೊಡುಗೆಯಂತೆ! ಉಗುಳು ನಮ್ದು," ಎಂದಳು.

ಹಲಗೆಯ ಕೆಲಸ ನನಗೆ ಮತ್ತೆ ಸಿಗಲಿಲ್ಲ. ಕೇಳಲು ಹೋಗಲಿಲ್ಲ ಅಂದರೆ ಸುಳ್ಳು. ಹೋಗಿದ್ದೆ. ಕೊಡಲಿಲ್ಲ. ಈಗ ಅಜ್ಜಿಯ ಜೊತೆ ಜೋಳದ ಹೆಂಡ ಕುದಿಸಿ ಮಾರುತ್ತೇನೆ. ಹಂಪ್ ಹತ್ತಲು ನಿಧಾನಿಸಿದ ಚಾಲಕರೇ ಗಿರಾಕಿಗಳು, ಕೆಲಸ ಮುಗಿಸಿ ನಡೆದು ಬರುವಾಗ ಮಾತ್ರ. ಲಾರಿಯಲ್ಲಿ ಬಂದವನಿಗೆ ನಾನು ಲೋಟ ಕೊಡುವುದಿಲ್ಲ.

ಆಗಸ್ಟಿನ ಎರಡನೆಯ ಸೋಮವಾರ ಶಾಲೆ ಶುರುವಾಯಿತು. ಮೊಸಾ ಊರುಗೋಲು ಹಿಡಿದು ಮನೆಯಿಂದ ಇಳಿದಳು. ನಾನು ಹಿಂದೆಯೇ ಹೋದೆ. ರಸ್ತೆಯ ಅಂಚಿನಲ್ಲಿ ಅವಳು ನಿಂತುಬಿಟ್ಟಳು. ಅಲ್ಲಿ ಈಗ ಹಲಗೆ ಇರಲಿಲ್ಲ, 'ನಿಲ್ಲು' ಎಂದು ಓದಲು ಏನೂ ಇರಲಿಲ್ಲ. ಆದರೂ ಅವಳು ನನ್ನ ಕಡೆ ತಿರುಗಿದಳು.

"ಹೋಗ್ಲಾ ಅವ್ವಾ?"

"ಹೋಗು ಮಗಾ."

ಮೇಲಿನಿಂದ ಬಂದ ಲಾರಿ ಹಂಪಿನ ಬುಡದಲ್ಲಿ ನಿಂತಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಮೊಸಾ ಒಂದು ಹೆಜ್ಜೆ ಇಟ್ಟಳು, ಕೋಲು ಊರಿದಳು, ಇನ್ನೊಂದು ಹೆಜ್ಜೆ. ನಟ್ಟನಡುವೆ ಹೋಗಿ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ರಾಶಿಗೆ ಹಾಕಲು ಲಾರಿಗಳಿಂದ ಉದುರಿದ ಕಲ್ಲುಗಳ ಕಡೆ ಬಗ್ಗಿದಳು. ಒಂದು ಕಲ್ಲು ಎತ್ತಿದಳು. ತಿರುಗಿಸಿ ನೋಡಿದಳು. ಚೂಪಾಗಿತ್ತೋ ಏನೋ, ಇಷ್ಟವಾಗಲಿಲ್ಲ. ಕೆಳಗಿಟ್ಟಳು. ಇನ್ನೊಂದು ಎತ್ತಿದಳು. ಅದೂ ಬೇಡವಾಯಿತು.

ಹಿಂದೆಲ್ಲೋ ಒಂದು ಹಾರ್ನ್ ಕೂಗಿತು. ಮೊದಲ ಲಾರಿಯ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, ಹಿಂದಕ್ಕೆ ತಿರುಗಿ, ಹಾರ್ನ್ ಹೊಡೆದವನ ತಾಯಿಯ ಯೋಗಕ್ಷೇಮವನ್ನು ಗಟ್ಟಿಯಾಗಿ ವಿಚಾರಿಸಿದ. ಹಾರ್ನ್ ನಿಂತಿತು. ಕೆಳಗೆ ಕಣಿವೆಯಲ್ಲಿ ಅಣೆಕಟ್ಟಿನ ದೊಡ್ಡ ಯಂತ್ರ ಕಲ್ಲಿಗಾಗಿ ಬಾಯಿ ತೆರೆದುಕೊಂಡು ನಿಂತಿತ್ತು.

ನಾನು ಮಗಳಿಗೆ ಬೇಗ ಬಾ ಅನ್ನಲಿಲ್ಲ. ಅವಳು ಇನ್ನೂ ಕಲ್ಲು ಆರಿಸುತ್ತಿದ್ದಳು.